ಅಡುಗೆಮನೆ ಕಬೋರ್ಡ್: ಮೊದಲು ಮರ, ಆಮೇಲೆ ಬಣ್ಣ

(ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿರುವವರಿಗಾಗಿ ಆಡಿದ ಮಾತುಗಳ ಬರಹ ರೂಪ)

ಮನೆ ಕಟ್ಟಿಸುವವರು ನನ್ನ ಹತ್ತಿರ ಬಂದಾಗ ಹೆಚ್ಚಿನವರ ಕೈಯಲ್ಲಿ ಫೋನ್ ಇರುತ್ತದೆ, ಫೋನಿನಲ್ಲಿ ಒಂದು ಫೋಟೋ ಇರುತ್ತದೆ. "ನಮಗೆ ಇದೇ ವಾಲ್‌ನಟ್ ಕಲರ್ ಬೇಕು" ಅನ್ನುತ್ತಾರೆ, ಅಂದರೆ ಕಡು ಕಂದು. ಯಾವ ಮರದ ಮೇಲೆ ಅಂತ ಕೇಳಿದರೆ, "ಮರ ಯಾವುದಾದ್ರೂ ಆಗ್ಲಿ ಬಿಡಿ, ಕಲರ್ ಮಾತ್ರ ಇದೇ ಬರಬೇಕು" ಅನ್ನುತ್ತಾರೆ. ಇವತ್ತಿನ ನನ್ನ ಮಾತೆಲ್ಲ ಆ "ಯಾವುದಾದ್ರೂ ಆಗ್ಲಿ" ಅನ್ನೋದರ ಸುತ್ತಲೇ ಇರುತ್ತದೆ.

ಈ ಮೇಜಿನ ಮೇಲೆ ಮೂರು ಹಲಗೆ ಇಟ್ಟಿದ್ದೇನೆ. ಮುಂದಿನ ಸಾಲಿನವರು ಕೈಗೆ ತೆಗೆದುಕೊಂಡು ನೋಡಿ, ಹಾಗೇ ಹಿಂದಕ್ಕೆ ದಾಟಿಸಿ. ಒಂದು ಟೀಕ್, ಒಂದು ಹಲಸು, ಒಂದು ರಬ್ಬರ್ ಮರ. ಮೂರಕ್ಕೂ ಒಂದೇ ಡಬ್ಬಿಯ ವಾಲ್‌ನಟ್ ಸ್ಟೈನ್, ಅಂದರೆ ಮರಕ್ಕೆ ಹಿಡಿಸುವ ಬಣ್ಣ, ಹಾಕಿದೆ. ಒಂದೇ ದಿನ, ಒಂದೇ ಬಟ್ಟೆಯಲ್ಲಿ ಒರೆಸಿದ್ದು. ಆದರೂ ನೋಡಿ, ಟೀಕ್ ಮೇಲೆ ಅದು ಬೆಚ್ಚನೆಯ ಕಂದು. ಹಲಸಿನ ಮೇಲೆ ಒಳಗಿನ ಹಳದಿ ಇಣುಕುತ್ತಿದೆ, ವಾಲ್‌ನಟ್ ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ನಿಮ್ಮ ಫೋಟೋಗೆ ತುಂಬ ಹತ್ತಿರ ಬಂದಿರುವುದು ಮೂರರಲ್ಲಿ ಅಗ್ಗದ್ದು, ರಬ್ಬರ್ ಮರ. ಟೀಕ್ ಹಲಗೆಯ ತುದಿಯನ್ನೂ ನೋಡಿ, ಗರಗಸ ಅಡ್ಡ ಕೊಯ್ದ ಕಡೆ ಹೆಚ್ಚು ಕಡಿಮೆ ಕಪ್ಪಾಗಿದೆ. ಅಲ್ಲಿ ಮರದ ನಾಳಗಳ ಬಾಯಿ ತೆರೆದಿರುತ್ತದೆ, ಸ್ಟೈನ್ ಜಾಸ್ತಿ ಕುಡಿಯುತ್ತದೆ. ಹಲಸಿನ ಹಲಗೆಯ ಮೂಲೆಯಲ್ಲಿ ರೂಪಾಯಿ ಅಗಲದ ಬಿಳಿಚಿಕೊಂಡ ಕಲೆ ಒಂದಿದೆ. ಅದನ್ನು ಬೇಕಂತಲೇ ಬಿಟ್ಟಿದ್ದೇನೆ, ಆಮೇಲೆ ಹೇಳುತ್ತೇನೆ.

ಯಾಕೆ ಹೀಗಾಗುತ್ತದೆ? ಪೇಂಟ್ ಮರವನ್ನು ಮುಚ್ಚುತ್ತದೆ. ಸ್ಟೈನ್ ಮುಚ್ಚುವುದಿಲ್ಲ, ಮರದ ಬಣ್ಣದ ಜೊತೆ ಸೇರಿಕೊಳ್ಳುತ್ತದೆ. ಹಳದಿ ಸೀರೆಯನ್ನು ನೀಲಿ ಬಣ್ಣದಲ್ಲಿ ಅದ್ದಿದರೆ ಸಿಗುವುದು ಹಸಿರು ಸೀರೆ, ಅಲ್ವಾ? ಇದೂ ಹಾಗೇ. ಈಗ ಬೂದು ಬಣ್ಣದ ಕಿಚನ್ ಫ್ಯಾಷನ್ ಇದೆ. ಟೀಕ್ ಮೇಲೆ ಬೂದು ಸ್ಟೈನ್ ಹಾಕಿಸಿದವರ ಮನೆಗೆ ಹೋಗಿ ನೋಡಿ, ಬಾಗಿಲುಗಳಲ್ಲಿ ಒಂದು ಥರಾ ಹಸಿರು ಛಾಯೆ ಕಾಣುತ್ತದೆ. ಮರದ ಹಳದಿಯೂ ಬೂದು ಬಣ್ಣದೊಳಗಿನ ನೀಲಿಯೂ ಸೇರಿದ್ದರಿಂದ ಬಂದದ್ದು ಅದು. ಪಾಲಿಶ್‌ನವರು ಕೆಂಪು ಒಂದು ಚೂರು ಬೆರೆಸಿ ಆ ಹಸಿರನ್ನು ಅಡಗಿಸುತ್ತಾರೆ. ಆದರೆ ಆಗ ಅದು ಬೂದು ಬಣ್ಣವಾಗಿ ಉಳಿಯುವುದಿಲ್ಲ, ಕಂದಿನ ಕಡೆ ವಾಲುತ್ತದೆ. ಬೂದು ಬಣ್ಣವೇ ಬೇಕಾದರೆ ಬಿಳಿ ಮರ ಹುಡುಕಿ. ಚನ್ನಪಟ್ಟಣದ ಬೊಂಬೆಗೆ ಆಲೆ ಮರ ಯಾಕೆ ಅಂತ ಯೋಚಿಸಿದ್ದೀರಾ? ಮೃದುವಾಗಿ ಕಡೆಯಲು ಬರುತ್ತದೆ ಅನ್ನೋದು ಒಂದು. ದಂತದ ಹಾಗೆ ಬೆಳ್ಳಗಿರುವುದರಿಂದ ಮೇಲಿನ ಯಾವ ಬಣ್ಣವನ್ನೂ ಕೆಡಿಸುವುದಿಲ್ಲ ಅನ್ನೋದು ಇನ್ನೊಂದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಟೈನ್ ಹಾಕಿ ಮರವನ್ನು ಕಪ್ಪು ಮಾಡಬಹುದು, ಬೆಳ್ಳಗೆ ಮಾಡಲು ಆಗುವುದಿಲ್ಲ. ಹಾಗಾಗಿ ಸಂಶಯ ಇದ್ದರೆ ತಿಳಿ ಬಣ್ಣದಿಂದಲೇ ಶುರು ಮಾಡಿ. ಸಾಲದು ಅನಿಸಿದರೆ ಇನ್ನೊಂದು ಕೋಟ್ ಹಾಕಬಹುದು.

ಈಗ ಮರದ ವಿಷಯ. ಮೊದಲು ಎಲ್ಲಿ ಮರ ಬೇಕು, ಎಲ್ಲಿ ಬೇಡ ನೋಡೋಣ. ಕಬೋರ್ಡಿನ ಒಳಗಿನ ಪೆಟ್ಟಿಗೆಗೆ ಒಳ್ಳೆ ಮರ ಹಾಕುವುದು ದುಡ್ಡು ಹಾಳು. ಅಲ್ಲಿಗೆ ಪ್ಲೈವುಡ್ ಸಾಕು, 18 ಅಥವಾ 19 ಮಿಲಿಮೀಟರ್. ಹಾಳೆಯ ಮೇಲಿನ ಮುದ್ರೆ ನೋಡಿ: ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈ, ಐಎಸ್ 710 ಅಂದರೆ ಮೆರೈನ್ ಪ್ಲೈ. ಮೆರೈನ್ ಪ್ಲೈನ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟು ಪರೀಕ್ಷೆ ಮಾಡುತ್ತಾರೆ. ಸಿಂಕ್ ಕೆಳಗೆ, ಗ್ಯಾಸ್ ಸಿಲಿಂಡರ್ ಇಡುವ ಕಡೆ, ನೆಲ ತೊಳೆದರೆ ನೀರು ತಾಗುವ ಕಡೆ 710 ಹಾಕಿಸಿ. ಉಳಿದ ಕಡೆ ನಿಮ್ಮ ಜೇಬು ನೋಡಿಕೊಳ್ಳಿ. ಸಿಂಕ್ ಕೆಳಗೆ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಮಾತ್ರ ಬೇಡ. ಒಂದು ಸಲ ನೀರು ಕುಡಿದು ಊದಿದರೆ ಮತ್ತೆ ಹಳೆ ಆಕಾರಕ್ಕೆ ಬರುವುದಿಲ್ಲ.

ಕಣ್ಣಿಗೆ ಕಾಣುವುದು ಬಾಗಿಲು, ಅಂದರೆ ಶಟರ್. ದುಡ್ಡು ಅಲ್ಲಿ ಹಾಕಿ. ಒಂದು ಲೆಕ್ಕ ಹೇಳುತ್ತೇನೆ. ಒಂದು ಸಿಎಫ್‌ಟಿ, ಅಂದರೆ ಒಂದು ಘನ ಅಡಿ, ಮರದಿಂದ ಒಂದಿಂಚು ದಪ್ಪದ ಹಲಗೆ 12 ಚದರಡಿ ಬರುತ್ತದೆ. ನಿಮ್ಮ ಶಟರ್‌ಗಳೆಲ್ಲ ಸೇರಿ 60 ಚದರಡಿ ಅಂದುಕೊಳ್ಳಿ. ಲೆಕ್ಕದ ಪ್ರಕಾರ 5 ಸಿಎಫ್‌ಟಿ ಆಯಿತು. ಆದರೆ ಕೊಯ್ದು, ಹತ್ತರಿ ಹೊಡೆದು, ಗಂಟು ಬಿರುಕು ಕಳೆದ ಮೇಲೆ ಅಷ್ಟು ಉಳಿಯುವುದಿಲ್ಲ. 7 ಅಂತ ಇಟ್ಟುಕೊಳ್ಳಿ. ಈ ಲೆಕ್ಕ ನಿಮಗೆ ಗೊತ್ತಿದ್ದರೆ, 15 ಸಿಎಫ್‌ಟಿ ಬೇಕು ಅಂತ ಯಾರಾದರೂ ಹೇಳಿದಾಗ ಯಾಕೆ ಅಂತ ಕೇಳಬಹುದು. ಅಷ್ಟು ಮರಕ್ಕೆ ದುಡ್ಡು ಆಗದಿದ್ದರೆ ವಿನೀರ್ ಇದೆ. ಅದೂ ನಿಜವಾದ ಮರವೇ, ಸುಮಾರು ಅರ್ಧ ಮಿಲಿಮೀಟರ್ ತೆಳುವಾಗಿ ಸೀಳಿ ಪ್ಲೈ ಹಾಳೆಗೆ ಅಂಟಿಸಿರುತ್ತಾರೆ. ಸ್ಟೈನ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಉಪ್ಪು ಕಾಗದ ಜಾಸ್ತಿ ಉಜ್ಜಿದರೆ ಕೆಳಗಿನ ಪದರ ಕಾಣಿಸಿಕೊಳ್ಳುತ್ತದೆ, ಆಮೇಲೆ ಏನೂ ಮಾಡಲು ಆಗುವುದಿಲ್ಲ. ಹಾಳೆಗಳನ್ನು ಒಂದೇ ಕಟ್ಟಿನಿಂದ, ಒಂದರ ಹಿಂದೆ ಒಂದು ಇರುವಂತೆ ಆರಿಸಿ. ಇಲ್ಲದಿದ್ದರೆ ಪಕ್ಕ ಪಕ್ಕದ ಬಾಗಿಲುಗಳ ಗೆರೆ ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣುತ್ತವೆ.

ಟೀಕ್ ಬಗ್ಗೆ ನಾನು ಹೊಗಳಬೇಕಾಗಿಲ್ಲ, ದಾಂಡೇಲಿ ಟೀಕ್ ಅಂದರೆ ಎಲ್ಲರಿಗೂ ಗೊತ್ತು. ಎಣ್ಣೆ ಅಂಶ ಇರುವ ಮರ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ನೀರಿಗೆ ಜಗ್ಗುವುದಿಲ್ಲ. ಆ ಎಣ್ಣೆಯೇ ಪಾಲಿಶ್‌ನವರಿಗೆ ತಲೆನೋವು. ಮೇಲಿನ ಕೋಟ್ ಸರಿಯಾಗಿ ಒಣಗುವುದಿಲ್ಲ, ಕೆಲವು ಕಡೆ ಹಿಡಿಯುವುದೂ ಇಲ್ಲ. ಬಣ್ಣ ಹಾಕುವ ಮೊದಲು ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತದೆ. ಹೊಸದಾಗಿ ಹತ್ತರಿ ಹೊಡೆದ ಟೀಕ್ ನೋಡಿ ಗಾಬರಿ ಆಗುವವರಿದ್ದಾರೆ, ಹಸಿರು ಕಪ್ಪು ಪಟ್ಟೆಗಳು ಇರುತ್ತವೆ. ಸ್ವಲ್ಪ ದಿನ ಬೆಳಕಿಗೆ ಬಿಟ್ಟರೆ ಪಟ್ಟೆಗಳು ಮಂಕಾಗಿ ಒಂದೇ ಹೊಂಬಣ್ಣಕ್ಕೆ ಬರುತ್ತದೆ. ಅಷ್ಟು ತಾಳ್ಮೆ ಇಲ್ಲದೆ ಪಟ್ಟೆ ಮುಚ್ಚಲು ಕಡು ಸ್ಟೈನ್ ಹಾಕಿಸಿಬಿಡುತ್ತಾರೆ. ಒಳ್ಳೆ ಟೀಕ್ ಮೇಲೆ ಕಡು ಸ್ಟೈನ್ ಹಾಕುವುದು ನನಗಂತೂ ಹಿಡಿಸುವುದಿಲ್ಲ. ಆ ಬಣ್ಣವೇ ಬೇಕಿದ್ದರೆ ಅಷ್ಟು ದುಡ್ಡಿನ ಮರ ಯಾಕೆ ತರಬೇಕಿತ್ತು?

ಮಂಡ್ಯ ಕಡೆಯಿಂದ ಬಂದವರು ಇಲ್ಲಿ ಎಷ್ಟು ಜನ ಇದ್ದೀರಿ? ನಿಮಗೇ ಈ ಮಾತು. "ನಮ್ಮ ಗದ್ದೆ ಬದುವಿನಲ್ಲೇ ಟೀಕ್ ಇದೆ, ಕುಯ್ಸಿ ತರ್ತೀವಿ" ಅಂತ ಹೇಳುವವರು ಬಹಳ. ತರಬಹುದು, ತಪ್ಪಿಲ್ಲ. ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ನಿಮ್ಮದೇ ಜಮೀನಾದರೂ ಟೀಕ್‌ಗೆ ಅನುಮತಿ ಬೇಕು. ಎರಡನೆಯದು, ನಾಲೆ ನೀರು ಕುಡಿದು ಬೇಗ ಬೆಳೆದ ಎಳೆ ಮರದಲ್ಲಿ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಕಡಿಮೆ, ಹೊರಗಿನ ಬಿಳಿ ಭಾಗ ಜಾಸ್ತಿ. ಗೆದ್ದಲು, ಹುಳ ಹಿಡಿಯುವುದು ಆ ಬಿಳಿ ಭಾಗಕ್ಕೆ. ಟೀಕ್ ಅನ್ನೋ ಹೆಸರು ಅದನ್ನು ಕಾಪಾಡುವುದಿಲ್ಲ. ಸ್ಟೈನ್ ಹಾಕಿದಾಗ ಒಂದೇ ಬಾಗಿಲಿನಲ್ಲಿ ಬಿಳಿ ಭಾಗ ಒಂದು ಬಣ್ಣ, ಚೇಗು ಇನ್ನೊಂದು ಬಣ್ಣ. ಬಿಳಿ ಭಾಗವನ್ನು ಕಳೆದು ಕೊಯ್ಸಿ, ಅಥವಾ ಅದನ್ನು ಕಾಣದ ಕಡೆಗೆ ಬಳಸಿ. ಮೂರನೆಯದು ಒಣಗಿಸುವುದು. ಹಲಗೆ ಕೊಯ್ಸಿ, ಮಧ್ಯೆ ಮಧ್ಯೆ ಪಟ್ಟಿ ಕೊಟ್ಟು, ನೆರಳಲ್ಲಿ ಗಾಳಿ ಆಡುವ ಹಾಗೆ ಜೋಡಿಸಿ ಕೆಲವು ತಿಂಗಳಾದರೂ ಬಿಡಬೇಕು. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಶೇಕಡ 8ರಿಂದ 12ರ ಒಳಗೆ ಬಂದಿದ್ದರೆ ಒಳ್ಳೆಯದು. ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡು ಹಸಿ ಮರದಲ್ಲಿ ಬಾಗಿಲು ಮಾಡಿಸಿದರೆ, ಬೇಸಿಗೆ ಬರುವಷ್ಟರಲ್ಲಿ ಹಲಗೆ ಕುಗ್ಗುತ್ತದೆ. ಚೌಕಟ್ಟಿನ ಒಳಗಿದ್ದ ಹಲಗೆಯ ಅಂಚು ಹೊರಗೆ ಬರುತ್ತದೆ. ಆ ಅಂಚಿಗೆ ಸ್ಟೈನ್ ತಾಗಿರುವುದಿಲ್ಲ, ಪ್ರತಿ ಬಾಗಿಲಲ್ಲೂ ಉದ್ದಕ್ಕೆ ಒಂದು ಬಿಳಿ ಗೆರೆ. ಇದಕ್ಕೊಂದು ಉಪಾಯ ಇದೆ. ಚೌಕಟ್ಟಿಗೆ ಕೂರಿಸುವ ಮುಂಚೆಯೇ ಒಳಗಿನ ಹಲಗೆಗೆ ನಾಲ್ಕೂ ಅಂಚು ಸೇರಿಸಿ ಸ್ಟೈನ್ ಹಾಕಿಸಿ. ಆಚಾರ್ರಿಗೂ ಪಾಲಿಶ್‌ನವರಿಗೂ ಒಟ್ಟಿಗೇ ಹೇಳಬೇಕು. ಒಬ್ಬರು ಮುಗಿಸಿ ಹೋದ ಮೇಲೆ ಇನ್ನೊಬ್ಬರು ಬಂದರೆ ಇದು ಆಗದ ಮಾತು.

ಹಲಸು ನನಗೆ ಇಷ್ಟದ ಮರ. ಹೊಸತರಲ್ಲಿ ಕಣ್ಣು ಕುಕ್ಕುವ ಹಳದಿ. ಬೆಳಕಿಗೆ ಬಿದ್ದು ಬಿದ್ದು ಕೆಲವು ವರ್ಷಕ್ಕೆ ಕಂದಾಗುತ್ತದೆ. ಹಲಸಿನ ಬಾಗಿಲಿನ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದರೆ ಒಂದು ದಿನ ತೆಗೆದು ನೋಡಿ, ಹಿಂದೆ ಕ್ಯಾಲೆಂಡರಿನ ಅಳತೆಗೇ ಹಳದಿ ಚೌಕ ಉಳಿದಿರುತ್ತದೆ. ಹಾಗಾಗಿ ಹಲಸಿಗೆ ಸ್ಟೈನ್ ಆರಿಸುವಾಗ ಇವತ್ತಿನ ಬಣ್ಣ ನೋಡಿ ಆರಿಸಬೇಡಿ, ಮರ ತಾನಾಗಿಯೇ ಕಡು ಬಣ್ಣಕ್ಕೆ ಹೋಗುತ್ತದೆ. ಬಣ್ಣವಿಲ್ಲದ ಬರೀ ಕ್ಲಿಯರ್ ಕೋಟ್ ಹಾಕಿ ಬಿಟ್ಟರೂ ಚೆಂದ. ಹೊನ್ನೆ ಗಟ್ಟಿ ಮರ, ಆದರೆ ಒದ್ದೆಯಾದರೆ ಹಳದಿ ನೀರು ಬಿಡುತ್ತದೆ. ಪಕ್ಕದ ಸುಣ್ಣದ ಗೋಡೆಗೆ ಕಲೆ ಗ್ಯಾರಂಟಿ. ಸಿಂಕ್ ಹತ್ತಿರ ಬೇಡ. ಕೊಡಗಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್‌ನ್ನು ಎಲ್ಲರೂ ಪ್ಯಾಕಿಂಗ್ ಮರ ಅಂತ ತಳ್ಳಿಬಿಡುತ್ತಾರೆ. ಸರಿಯಾದ ದಿಕ್ಕಿಗೆ ಕೊಯ್ದರೆ ಅದರಲ್ಲಿ ಮಿನುಗುವ ಚುಕ್ಕೆ ಚುಕ್ಕೆಯ ವಿನ್ಯಾಸ ಬರುತ್ತದೆ, ತಿಳಿ ಸ್ಟೈನ್ ಹಾಕಿದರೆ ಅದು ಎದ್ದು ಕಾಣುತ್ತದೆ. ಹುಳ ಹಿಡಿಯದ ಹಾಗೆ ಔಷಧಿ ಹೊಡೆಸುವುದು ಮಾತ್ರ ಮರೆಯಬಾರದು. ರಬ್ಬರ್ ಮರಕ್ಕೂ ಅದೇ ಮಾತು. ಔಷಧಿ ಹಾಕಿ, ತುಂಡು ತುಂಡು ಜೋಡಿಸಿದ ಹಲಗೆಯಾಗಿ ಸಿಗುತ್ತದೆ, ಬಣ್ಣ ಸಮನಾಗಿ ಹಿಡಿಯುತ್ತದೆ, ನೀರು ತಾಗುವ ಕಡೆ ಬೇಡ. ಪೈನ್ ಬಗ್ಗೆ ಒಂದೇ ಮಾತು: ಸ್ಟೈನ್ ತೇಪೆ ತೇಪೆಯಾಗಿ ಹಿಡಿಯುತ್ತದೆ. ಸ್ಟೈನ್ ಇಲ್ಲದೆ ಹಾಗೇ ಬಿಡುವುದಾದರೆ ಪೈನ್ ಹಾಕಿಸಿ.

ಬೀಟೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ಇವತ್ತಿನ ಕಾಲದಲ್ಲಿ ಅಡುಗೆಮನೆಗೆ ಬೀಟೆ ಅಂದರೆ ನಗಬೇಕು ಅಷ್ಟೇ. ನೋಡಬೇಕಾದರೆ ಅರಮನೆಗೆ ಹೋಗಿ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿ, 1912ರಲ್ಲಿ ಮುಗಿದ ಈಗಿನ ಅರಮನೆಯ ಅಂಬಾವಿಲಾಸ ಸಭಾಂಗಣದಲ್ಲಿ ದಂತ ಕೂರಿಸಿದ ಬೀಟೆ ಬಾಗಿಲು ಇದೆ. ತಲೆ ಎತ್ತಿದರೆ ಟೀಕ್ ಕೆತ್ತನೆಯ ಚಾವಣಿ. ಮರದೊಳಗೆ ಬೇರೆ ಮರದ ತುಣುಕು ಕೂರಿಸಿ ಚಿತ್ರ ಮಾಡುವ ನಮ್ಮೂರಿನ ಇನ್‌ಲೇ ಕೆಲಸದವರನ್ನು ಗಮನಿಸಿ. ಅವರು ಹಳದಿ ಬೇಕಾದರೆ ಹಲಸಿನಂಥ ಹಳದಿ ಮರದ ತುಣುಕು ಇಡುತ್ತಾರೆ, ಕಪ್ಪು ಬೇಕಾದರೆ ಕಪ್ಪು ಮರ. ಬಣ್ಣಕ್ಕೆ ಮರವನ್ನೇ ಹುಡುಕುವ ಕಣ್ಣು ಅದು. ನಮ್ಮ ಕಬೋರ್ಡಿಗೂ ಅದೇ ಕಣ್ಣು ಬೇಕು. ಕೆಂಪು ಕಂದು ಬೇಕಾ, ಆ ಕಡೆಗೇ ವಾಲುವ ಮರ ತನ್ನಿ. ಸ್ಟೈನ್ ಸ್ವಲ್ಪ ಕೈಹಿಡಿದರೆ ಸಾಕು.

ಇನ್ನು ಸ್ಟೈನ್. ಎರಡು ಥರದ್ದು ಇರುತ್ತದೆ. ಒಂದು ಪುಡಿ ಬಣ್ಣದ್ದು, ಅದು ಮರದ ರಂಧ್ರಗಳಲ್ಲಿ, ಗೀರುಗಳಲ್ಲಿ ಕೂರುತ್ತದೆ. ಡಬ್ಬಿ ಅಲುಗಾಡಿಸದೆ ಇಟ್ಟರೆ ತಳಕ್ಕೆ ಇಳಿಯುತ್ತದೆ. ಇನ್ನೊಂದು ಪೂರ್ತಿ ಕರಗುವ ಬಣ್ಣ, ಅದು ಮರದ ಎಳೆಯೊಳಗೇ ಇಳಿಯುತ್ತದೆ. ಕರಗುವುದು ನೋಡಲು ತುಂಬ ಚೆಂದ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಆಗ್ನೇಯ ಮೂಲೆಯ ಅಡುಗೆಮನೆ, ಪೂರ್ವಕ್ಕೆ ದೊಡ್ಡ ಕಿಟಕಿ, ದಿನಾ ಬೆಳಗ್ಗೆ ಬಿಸಿಲು ನೇರ ಬಾಗಿಲಿಗೇ ಬೀಳುತ್ತದೆ ಅಂದರೆ ಪುಡಿ ಬಣ್ಣದ್ದೇ ಒಳ್ಳೆಯದು.

ಪುಡಿ ಬಣ್ಣ ಗೀರಿನಲ್ಲಿ ಕೂರುತ್ತದೆ ಅಂದೆನಲ್ಲ, ಅದು ಮುಖ್ಯ. ಉಪ್ಪು ಕಾಗದವನ್ನು ಎಳೆಯ ಉದ್ದಕ್ಕೇ ಉಜ್ಜಬೇಕು. 120 ನಂಬರಿನ ಒರಟು ಕಾಗದದಿಂದ ಶುರುಮಾಡಿ 180, ಆಮೇಲೆ ನಯವಾದ 220. ಅಡ್ಡ ಉಜ್ಜಿದ ಗೀರು ಬರೀ ಮರದಲ್ಲಿ ಕಾಣುವುದೇ ಇಲ್ಲ, ಸ್ಟೈನ್ ಬಿದ್ದ ಕೂಡಲೇ ಕಪ್ಪು ಗೆರೆಯಾಗಿ ಎದ್ದು ಬರುತ್ತದೆ. ಈಗ ಹಲಸಿನ ಹಲಗೆಯ ಆ ಕಲೆಗೆ ಬರೋಣ. ಅದು ಫೆವಿಕಾಲ್. ಕೂಡುವಿಕೆಯಿಂದ ಉಕ್ಕಿದ ಅಂಟನ್ನು ಬೆರಳಲ್ಲಿ ಒರೆಸಿದರೆ ಅದು ಮರದೊಳಗೆ ಇಳಿದುಬಿಡುತ್ತದೆ. ಅಲ್ಲಿ ಸ್ಟೈನ್ ಹಿಡಿಯುವುದಿಲ್ಲ. ಪಾಲಿಶ್ ಶುರುವಾಗುವ ಮುಂಚೆ ಎಲ್ಲ ಬಾಗಿಲಿಗೂ ಥಿನ್ನರ್ ಒರೆಸಿ ನೋಡಲು ಹೇಳಿ. ಮರ ಒದ್ದೆಯಾಗಿರುವ ಆ ಒಂದು ನಿಮಿಷದಲ್ಲಿ ಅಂಟಿನ ಕಲೆ, ಅಡ್ಡ ಗೀರು ಎಲ್ಲ ಕಾಣುತ್ತವೆ. ಬರೀ ಕ್ಲಿಯರ್ ಕೋಟ್ ಹಾಕಿದರೆ ಮರ ಯಾವ ಬಣ್ಣಕ್ಕೆ ಬರುತ್ತದೆ ಅನ್ನೋದೂ ಆಗಲೇ ಗೊತ್ತಾಗುತ್ತದೆ. ಎಷ್ಟೋ ಜನ ಅದನ್ನು ನೋಡಿದ ಮೇಲೆ "ಸ್ಟೈನೇ ಬೇಡ, ಹೀಗೇ ಇರಲಿ" ಅಂದದ್ದುಂಟು.

ಮೇಲಿನ ಕೋಟ್ ವಿಷಯ. ಹಿಂದೆ ಅರಗಿನ ಪಾಲಿಶ್ ಹಾಕುತ್ತಿದ್ದರು. ಅದಕ್ಕೂ ನಮ್ಮೂರಿಗೂ ನಂಟಿದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಮಾಡುವ ಕಾರ್ಖಾನೆ ಇದೆಯಲ್ಲ, ಅದನ್ನು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರು ಮಾಡಿದಾಗ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಇದೇ ಅರಗು. ಶಾಯಿ ಬಂದದ್ದು ಆಮೇಲೆ, 1962ರ ಚುನಾವಣೆಗೆ. ಇರಲಿ, ಅರಗಿನ ಪಾಲಿಶ್ ಕುರ್ಚಿಗೆ, ದೇವರ ಮಂಟಪಕ್ಕೆ ಬಹಳ ಚೆಂದ. ಅಡುಗೆಮನೆಗೆ ಬೇಡ. ನೀರು ಬಿದ್ದರೆ ಬೆಳ್ಳಗಾಗುತ್ತದೆ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಮೆಲಮೈನ್ ಕೋಟ್ ನಡೆಯುತ್ತದೆ. ಕೈಲಾದರೆ ಪಿಯು, ಅಂದರೆ ಪಾಲಿಯುರೆಥೇನ್ ಕೋಟ್, ಹಾಕಿಸಿ, ಒಗ್ಗರಣೆ ಹೊಗೆ, ಕುಕ್ಕರ್ ಹಬೆ, ದಿನಾ ಒರೆಸುವುದು ಎಲ್ಲಕ್ಕೂ ತಡೆದುಕೊಳ್ಳುತ್ತದೆ. ಪೂರ್ತಿ ಹೊಳಪು ಬೇಡ, ಮ್ಯಾಟ್ ಇರಲಿ. ಹೊಳಪಿನ ಮೇಲೆ ಒಂದೊಂದು ಬೆರಳ ಗುರುತೂ ಕಾಣುತ್ತದೆ. ಮಳೆ ಹಿಡಿದುಕೊಂಡ ದಿನ ಪಾಲಿಶ್ ಮಾಡಿಸಬೇಡಿ, ಗಾಳಿಯ ತೇವ ಸೇರಿ ಮೇಲೆ ಬಿಳಿ ಮಬ್ಬು ಕೂರುತ್ತದೆ.

ಈಗ ನಿಮ್ಮ ಅಡುಗೆಮನೆಯೊಳಗೆ ಬರೋಣ. ಮೊದಲು ತಲೆ ಎತ್ತಿ ಲೈಟ್ ನೋಡಿ. ನಮ್ಮಲ್ಲಿ ಹೆಚ್ಚಿನವರು ಹಾಕುವುದು 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬೆಳ್ಳನೆಯ ಎಲ್‌ಇಡಿ. ಅದರ ಕೆಳಗೆ ಕೆಂಪು ಕಂದು ಮರ ಮಂಕಾಗುತ್ತದೆ. ಅಂಗಡಿಯಲ್ಲಿ ಸ್ಯಾಂಪಲ್ ತೋರಿಸುವಾಗ ಇರುವುದು 3000 ಕೆಲ್ವಿನ್‌ನ ಹಳದಿ ಲೈಟ್, ಅಲ್ಲಿ ಎಲ್ಲ ಮರವೂ ಬಂಗಾರ. ಮನೆಗೆ ತಂದ ಮೇಲೆ "ಬೇರೆ ಕಲರ್ ಕೊಟ್ಟಿದ್ದಾರೆ" ಅಂತ ಜಗಳ. 4000ದ ಲೈಟ್ ಹಾಕಿಸಿದರೆ ಮರಕ್ಕೂ ಒಳ್ಳೆಯದು, ತರಕಾರಿ ಹೆಚ್ಚುವ ಕಣ್ಣಿಗೂ ಒಳ್ಳೆಯದು.

ಆಮೇಲೆ ಕಲ್ಲು. ನಮ್ಮ ಕಡೆ ಕಟ್ಟೆಗೆ ಕಪ್ಪು ಗ್ರಾನೈಟ್ ಮಾಮೂಲಿ, ಚಾಮರಾಜನಗರದ ಕಪ್ಪು ಕಲ್ಲು ಪಕ್ಕದಲ್ಲೇ ಇದೆ. ಕಪ್ಪು ಕಲ್ಲು, ಕಡು ವಾಲ್‌ನಟ್ ಬಾಗಿಲು, ಒಂದು ಸಣ್ಣ ಕಿಟಕಿ, ಮೂರೂ ಸೇರಿದರೆ ಮಧ್ಯಾಹ್ನವೂ ಲೈಟ್ ಹಾಕಬೇಕು. ಅಗ್ರಹಾರದ ಹಳೆ ಮನೆಗಳನ್ನು ರಿಪೇರಿ ಮಾಡಿಸುವವರು ಇದನ್ನು ಜ್ಞಾಪಕ ಇಟ್ಟುಕೊಳ್ಳಿ. ಆ ಮನೆಗಳಲ್ಲಿ ಕೆಂಪು ಕಾವಿ ನೆಲ ಉಳಿದಿದ್ದರೆ ಮಹಾಗನಿ ಸ್ಟೈನ್ ಬೇಡವೇ ಬೇಡ. ಎರಡು ಕೆಂಪು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ಟೀಕ್‌ನ ಸಹಜ ಬಣ್ಣ ಆ ನೆಲದ ಮೇಲೆ ಚೆನ್ನಾಗಿ ನಿಲ್ಲುತ್ತದೆ.

ನೀರಿನ ವಿಷಯ ಯಾರೂ ಯೋಚಿಸುವುದಿಲ್ಲ. ಹೊರಗಿನ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು. ಕಡು ಬಣ್ಣದ ಬಾಗಿಲಿನ ಮೇಲೆ ಒಂದು ಹನಿ ಒಣಗಿದರೂ ಬಿಳಿ ಚುಕ್ಕೆ. ತೀರಾ ತಿಳಿ ಬಣ್ಣಕ್ಕೆ ಅರಿಶಿನದ ಕೈ ಶತ್ರು. ಮಧ್ಯಮ ಕಂದು ಎರಡನ್ನೂ ಮರೆಸುತ್ತದೆ. ಇದು ರುಚಿಯ ಪ್ರಶ್ನೆ ಅಂತ ನೀವು ಹೇಳಬಹುದು, ನಾನು ಒರೆಸುವವರ ಕಡೆಯಿಂದ ಮಾತಾಡುತ್ತಿದ್ದೇನೆ.

ಹಾಗಾಗಿ ಆರ್ಡರ್ ಕೊಡುವ ಮುಂಚೆ ಒಂದಡಿ ಉದ್ದದ ತುಂಡುಗಳನ್ನು ಮಾಡಿಸಿ. ನಿಮ್ಮ ಬಾಗಿಲಿಗೆ ಬರುವ ಮರದ್ದೇ ಆಗಬೇಕು, ಅದೇ ನಂಬರಿನ ಕಾಗದ ಉಜ್ಜಿರಬೇಕು, ಮೇಲಿನ ಕೋಟ್ ಕೂಡ ಹಾಕಿರಬೇಕು. ಕೋಟ್ ಇಲ್ಲದ ಒಣ ಸ್ಟೈನ್ ಯಾವಾಗಲೂ ಮಂಕಾಗಿ, ತಿಳಿಯಾಗಿ ಕಾಣುತ್ತದೆ. ಅದನ್ನು ನೋಡಿ ಒಪ್ಪಿದರೆ ಕೆಲಸ ಮುಗಿದ ಮೇಲೆ ಎರಡು ಪಟ್ಟು ಕಡುವಾಗಿರುತ್ತದೆ. ತುಂಡನ್ನು ಮೇಜಿನ ಮೇಲೆ ಮಲಗಿಸಿ ನೋಡಬೇಡಿ, ಬಾಗಿಲು ಇರುವ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿ. ಕಟ್ಟೆಯ ಕೆಳಗೆ ಒಂದು, ಮೇಲೆ ಒಂದು. ಬೆಳಗ್ಗೆ ನೋಡಿ, ರಾತ್ರಿ ಲೈಟ್ ಹಾಕಿ ನೋಡಿ. ಒಪ್ಪಿದ ತುಂಡಿನ ಹಿಂದೆ ಸ್ಟೈನ್ ಹೆಸರು, ಎಷ್ಟು ಕೋಟ್, ಥಿನ್ನರ್ ಎಷ್ಟು ಅಂತ ಪಾಲಿಶ್‌ನವರ ಕೈಯಲ್ಲೇ ಬರೆಸಿಕೊಳ್ಳಿ.

ಹಿಂದಿನಿಂದ ಒಬ್ಬರು ಅಮ್ಮ ಕೇಳುತ್ತಿದ್ದಾರೆ, ಅತ್ತೆ ಕಾಲದ ಟೀಕ್ ಬಾಗಿಲುಗಳಿವೆ, ಮೇಲೆ ಪೇಂಟ್ ಹೊಡೆದಿದ್ದಾರೆ, ಮೊಳೆ ಸುತ್ತ ಕಪ್ಪಾಗಿದೆ, ಬಿಸಾಡುವುದಾ ಅಂತ. ಖಂಡಿತ ಬಿಸಾಡಬೇಡಿ ಅಮ್ಮ. ಆಗಿನ ಟೀಕ್ ಈಗ ಹುಡುಕಿದರೂ ಸಿಗುವುದು ಕಷ್ಟ. ಪೇಂಟ್ ರಿಮೂವರ್ ಹಾಕಿ ತೆಗೆಸಿ, ಮರದ ತನಕ ಉಜ್ಜಿಸಿ. ಮೊಳೆಯ ಸುತ್ತ ಕಪ್ಪಾಗಿರುವುದು ಕೊಳೆತದ್ದಲ್ಲ, ಕಬ್ಬಿಣ ತೇವದಲ್ಲಿ ಮರದ ರಸದ ಜೊತೆ ಸೇರಿ ಆದ ಬಣ್ಣ. ಮೊಳೆ ಕಿತ್ತು, ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಹಚ್ಚಿದರೆ ಬಹಳ ಮಟ್ಟಿಗೆ ಹೋಗುತ್ತದೆ. ಅದು ವಿಷ, ಕೈಗೆ ಗ್ಲೌಸ್ ಬೇಕು, ಮಕ್ಕಳು ಹತ್ತಿರ ಇರಬಾರದು, ಆಮೇಲೆ ಚೆನ್ನಾಗಿ ನೀರಲ್ಲಿ ತೊಳೆದು ಒಣಗಿಸಬೇಕು. ಮತ್ತೆ ಕಬ್ಬಿಣದ ಮೊಳೆ ಬೇಡ, ಸ್ಟೀಲ್ ಸ್ಕ್ರೂ ಹಾಕಿಸಿ. ಹಳೆ ಹಿಡಿಯ ತೂತುಗಳನ್ನು ಅದೇ ಬಾಗಿಲಿನಿಂದ ಕೊಯ್ದ ಟೀಕ್ ಬಿರಡೆಯಲ್ಲಿ ಮುಚ್ಚಿಸಿ. ಪುಟ್ಟಿ ತುಂಬಿದರೆ ಸ್ಟೈನ್ ಹಾಕಿದ ಮೇಲೆ ತೂತು ಎಲ್ಲಿತ್ತು ಅಂತ ದೂರದಿಂದಲೇ ಗೊತ್ತಾಗುತ್ತದೆ. ಹೊಸ ಹಿಡಿಗಳನ್ನು ಅದೇ ಜಾಗಕ್ಕೆ, ತೂತು ಮುಚ್ಚುವಷ್ಟು ಅಗಲದ ತಟ್ಟೆ ಇರುವಂಥದ್ದು ತಂದರೆ ಬಿರಡೆಯ ಖರ್ಚೂ ಉಳಿಯುತ್ತದೆ.